ಬಾಲ್ಕನಿ ಲೈಟು ಮತ್ತು ಅಮ್ಮನ ಸೇವಂತಿಗೆ: ವರ್ಷವಿಡೀ ಹೂವಿನ ಗಿಡ ನೋಡ್ಕೊಳ್ಳೋದು ಹೇಗೆ?

ಇವತ್ತು ಕೋಡ್ ಬಗ್ಗೆ ಮಾತಿಲ್ಲ, ಅಪ್ರೈಸಲ್ ಬಗ್ಗೆಯೂ ಇಲ್ಲ. ಹೂವಿನ ಗಿಡದ ಬಗ್ಗೆ ಮಾತಾಡೋಣ. ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಜೋಡಿಸಿ ಬರೆದಿದ್ದೀನಿ, ಕುಂಡದ ಪಕ್ಕ ಕೂತು ಫೋನಲ್ಲಿ ಓದೋಕೆ ಅನುಕೂಲ ಆಗಲಿ ಅಂತ.

ಮೊದಲೇ ಹೇಳಿಬಿಡ್ತೀನಿ, ನಾನು ತೋಟಗಾರಿಕೆ ಓದಿದವನಲ್ಲ. ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸಲ್ಲಿ. ಊರು ತೀರ್ಥಹಳ್ಳಿ ಹತ್ತಿರ, ಈಗಿರೋದು ಪುಣೆಯ ವಾಕಡ್‌ನಲ್ಲಿ, ಆರನೇ ಮಹಡಿ. ನಮ್ಮ ಮಲೆನಾಡಿನ ಮನೆಗಳು ಗೊತ್ತಲ್ಲ, ಅಂಗಳದ ಅಂಚಿಗೆ ಡೇರೆ, ಸೇವಂತಿಗೆ, ದಾಸವಾಳ ಇಲ್ಲದ ಮನೆ ಹುಡುಕಬೇಕು. ಆದರೆ ಅದನ್ನೆಲ್ಲ ನೋಡ್ಕೊಂಡಿದ್ದು ಅಮ್ಮ. ನಾನು ಬರೀ ನೋಡಿದವನು.

ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ, 2022ರಲ್ಲಿ, ಊರಿನ ಮನೆ ಮಾರಿದ್ವಿ. ಅಮ್ಮ ನಮ್ಮ ಜೊತೆ ಪುಣೆಗೆ ಬಂದರು. ಬರುವಾಗ ಸೂಟ್‌ಕೇಸ್ ಒಂದೇ, ಆದರೆ ಅಡಿಕೆ ಹಾಳೆಯಲ್ಲಿ ಸುತ್ತಿದ ಗಂಟು ಮೂರು. ಒಂದರಲ್ಲಿ ಮಲ್ಲಿಗೆ ಕಡ್ಡಿ, ಒಂದರಲ್ಲಿ ಡೇರೆ ಗಡ್ಡೆ, ಇನ್ನೊಂದರಲ್ಲಿ ಹಳದಿ ಸೇವಂತಿಗೆಯ ಕಂದು. ಆ ಸೇವಂತಿಗೆ ಅಪ್ಪ ಮದುವೆಯಾದ ಹೊಸದರಲ್ಲಿ ಯಾರೋ ನೆಂಟರ ಮನೆಯಿಂದ ತಂದು ನೆಟ್ಟಿದ್ದಂತೆ. ಹೂವು ಚಿಕ್ಕದು, ನರ್ಸರಿಯಲ್ಲಿ ಸಿಗೋ ದೊಡ್ಡ ಹೂವಿನ ಹಾಗಲ್ಲ, ಪರಿಮಳ ಮಾತ್ರ ಜೋರು. ಮನೆ ಕೊಂಡವರು ಅಂಗಳ ಅಗೆದು ಸಿಮೆಂಟ್ ಹಾಕಿಸಿದರು ಅಂತ ಆಮೇಲೆ ಗೊತ್ತಾಯ್ತು. ಅಂದರೆ ಆ ಗಿಡ ಉಳಿದಿದ್ದು ನಮ್ಮ ಬಾಲ್ಕನಿಯ ಮೂರು ಕುಂಡದಲ್ಲಿ ಮಾತ್ರ.

ಮೊದಲ ವರ್ಷ ಅದು ಒಂದೇ ಒಂದು ಮೊಗ್ಗೂ ಬಿಡಲಿಲ್ಲ. ಯಾಕೆ ಅನ್ನೋದು ಈ ಬರಹದ ಮಧ್ಯದಲ್ಲಿದೆ. ಅದಕ್ಕೂ ಮುಂಚೆ ಬುಡದಿಂದ ಶುರು ಮಾಡೋಣ.

ಗಿಡ ತರೋ ಮೊದಲು ಬಿಸಿಲು ನೋಡಿ

ನಾವೆಲ್ಲ ಮಾಡೋ ತಪ್ಪು ಒಂದೇ. ಭಾನುವಾರ ನರ್ಸರಿಗೆ ಹೋಗ್ತೀವಿ, ಹೂವು ತುಂಬಿದ ಗಿಡ ತರ್ತೀವಿ, ಬಾಲ್ಕನಿಯಲ್ಲಿ ಜಾಗ ಇರೋ ಕಡೆ ಇಡ್ತೀವಿ. ಜಾಗ ಇದ್ದರೆ ಸಾಲದು, ಬಿಸಿಲು ಬೇಕು. ಮಲ್ಲಿಗೆ, ದಾಸವಾಳ, ಗುಲಾಬಿ, ಸೇವಂತಿಗೆ, ಚೆಂಡು ಹೂವು, ಇವಕ್ಕೆಲ್ಲ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕೇ ಬೇಕು. ಮೂರು ಗಂಟೆ ಬಿದ್ದರೆ ಗಿಡ ಬದುಕುತ್ತೆ, ಎಲೆ ಬಿಡುತ್ತೆ, ಹೂವು ಬಿಡಲ್ಲ. ಕನಕಾಂಬರ ಮಾತ್ರ ಸ್ವಲ್ಪ ನೆರಳಿದ್ದರೂ ಹೊಂದಿಕೊಳ್ಳುತ್ತೆ.

ಇನ್ನೊಂದು ವಿಷಯ, ಬಾಲ್ಕನಿಯ ಬಿಸಿಲು ವರ್ಷವಿಡೀ ಒಂದೇ ಥರ ಇರಲ್ಲ. ಪುಣೆ ಇರೋದು ಸುಮಾರು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಹೋಗಿರ್ತಾನೆ. ಆಗ ದಕ್ಷಿಣದ ಬಾಲ್ಕನಿಯಲ್ಲಿ ಬಿಸಿಲೇ ಬೀಳಲ್ಲ. ಡಿಸೆಂಬರ್‌ನಲ್ಲಿ ಅದು ತಿರುವುಮುರುವು. ಸೂರ್ಯ ದಕ್ಷಿಣಕ್ಕೆ ವಾಲಿರೋದರಿಂದ ಬಿಸಿಲು ಸ್ಲ್ಯಾಬ್ ಕೆಳಗಿಂದ ಒಳಗೆ ಬಂದು ಹಾಲ್‌ವರೆಗೂ ಹರಡುತ್ತೆ. ಹಾಗಾಗಿ ದಕ್ಷಿಣದ ಬಾಲ್ಕನಿ ಇರೋರಿಗೆ ಚಳಿಗಾಲದ ಹೂವು ಸುಲಭ. ಉತ್ತರದ ಬಾಲ್ಕನಿ ಇರೋರು ಮನಿಪ್ಲಾಂಟ್ ಥರದ ಎಲೆ ಗಿಡ ಬೆಳೆಸಿ, ನೆಮ್ಮದಿಯಾಗಿರಿ. ಒಂದು ರಜೆ ದಿನ ಬೆಳಿಗ್ಗೆಯಿಂದ ಗಂಟೆಗೊಂದು ಫೋಟೋ ತೆಗೆಯಿರಿ, ನಿಮ್ಮ ಬಾಲ್ಕನಿಯ ಲೆಕ್ಕ ಸಿಕ್ಕಿಬಿಡುತ್ತೆ.

ಮಣ್ಣು, ಕುಂಡ, ನೀರು

ಪುಣೆಯಲ್ಲಿ ಸಿಗೋದು ಕಪ್ಪು ಮಣ್ಣು. ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಹೊಲಕ್ಕೆ ಅದು ಬಂಗಾರ, ಕುಂಡಕ್ಕೆ ಸರಿಹೋಗಲ್ಲ. ನರ್ಸರಿಯಲ್ಲಿ ಕೆಂಪು ಮಣ್ಣು ಕೇಳಿ ತಗೊಳ್ಳಿ. ನಾನು ಹಾಕೋ ಲೆಕ್ಕ ಇದು: ನಾಲ್ಕು ಬೊಗಸೆ ಕೆಂಪು ಮಣ್ಣು, ಮೂರು ಬೊಗಸೆ ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಇಲ್ಲವೇ ಎರೆಗೊಬ್ಬರ, ಎರಡು ಬೊಗಸೆ ಕೊಕೊಪೀಟ್, ಒಂದು ಬೊಗಸೆ ದಪ್ಪ ಮರಳು. ಮೇಲೆ ಒಂದು ಹಿಡಿ ಬೇವಿನ ಹಿಂಡಿ.

ಮಲ್ಲಿಗೆ, ದಾಸವಾಳಕ್ಕೆ 12 ಇಂಚಿನ ಕುಂಡ ಬೇಕು. ಸೇವಂತಿಗೆಗೆ 8 ಇಂಚು ಸಾಕು. ಬರೀ ಮಣ್ಣು ತುಂಬಿದ 12 ಇಂಚಿನ ಕುಂಡ ಒದ್ದೆಯಾದಾಗ ಸುಲಭವಾಗಿ 20 ಕೆಜಿ ದಾಟುತ್ತೆ. ಅದನ್ನ ಯಾವತ್ತೂ ರೇಲಿಂಗ್ ಮೇಲೆ ಇಡಬೇಡಿ. ಕೆಳಗೆ ಮಕ್ಕಳು ಆಡ್ತಿರ್ತಾರೆ. ಕುಂಡಗಳ ಜಾಗ ನೆಲ, ಅದೂ ಗೋಡೆಯ ಬದಿ.

ಇನ್ನು ನೀರು. "ದಿನಾ ಎಷ್ಟು ನೀರು ಹಾಕಬೇಕು?" ಅಂತ ಎಲ್ಲರೂ ಕೇಳ್ತಾರೆ. ದಿನದ ಲೆಕ್ಕ ಇಟ್ಟುಕೊಂಡರೆ ಕೆಟ್ಟಿರಿ. ಬೆರಳನ್ನ ಎರಡು ಗೆಣ್ಣಿನಷ್ಟು ಮಣ್ಣಿಗೆ ತೂರಿಸಿ. ಒಳಗೆ ಒಣಗಿದ್ದರೆ ತಳದ ತೂತಿನಿಂದ ಇಳಿಯೋವರೆಗೂ ಹಾಕಿ. ತಂಪಿದ್ದರೆ ಬಿಟ್ಟುಬಿಡಿ.

ನಾನು ಇದನ್ನ ಕಲಿತಿದ್ದು ಒಂದು ಗಿಡ ಕೊಂದ ಮೇಲೆ. ಅಮ್ಮ ತಂದ ಮಲ್ಲಿಗೆ ಕಡ್ಡಿಗಳಲ್ಲಿ ಚಿಗುರಿದ್ದು ಎರಡೇ. ಆ ಜುಲೈನಲ್ಲಿ ಹತ್ತು ದಿನ ಊರಿಗೆ ಹೋಗಬೇಕಾಯ್ತು. ಜಾಣ ಅಲ್ವಾ ನಾನು, ಟೈಮರ್ ಇರೋ ಡ್ರಿಪ್ ಕಿಟ್ ತರಿಸಿ ಬೆಳಿಗ್ಗೆ ಸಂಜೆ ಐದೈದು ನಿಮಿಷ ಸೆಟ್ ಮಾಡಿ ಹೋದೆ. ಆ ಹತ್ತು ದಿನವೂ ಮಳೆ, ಎರಚಲು ಬಾಲ್ಕನಿಗೆ ಹೊಡೀತಿತ್ತು. ಮೇಲಿಂದ ಮಳೆ, ಪೈಪಿಂದ ನೀರು, ಕುಂಡದ ಕೆಳಗೆ ತಟ್ಟೆ. ಬಂದು ನೋಡಿದರೆ ಒಂದು ಗಿಡದ ಎಲೆ ಪೂರ್ತಿ ಹಳದಿ, ಬುಡ ಕೊಳೆತು ವಾಸನೆ. ಬೇರಿಗೂ ಉಸಿರಾಟ ಇದೆ. ಮಣ್ಣಿನ ಕಣಗಳ ನಡುವೆ ಗಾಳಿ ಇರೋ ಜಾಗದಲ್ಲೆಲ್ಲ ನೀರು ತುಂಬಿದರೆ ಆಮ್ಲಜನಕ ಸಿಗದೆ ಬೇರು ಸಾಯುತ್ತೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತುತ್ತೆ. ಮೋಜು ಅಂದರೆ, ಬೇರು ಸತ್ತ ಗಿಡ ನೋಡೋಕೆ ನೀರಿಲ್ಲದೆ ಬಾಡಿದ ಹಾಗೇ ಕಾಣುತ್ತೆ. ಅದನ್ನ ನೋಡಿ ನಾವು ಇನ್ನೊಂದು ಚೊಂಬು ಹಾಕ್ತೀವಿ.

ಅಮ್ಮ ಬಯ್ಯಲಿಲ್ಲ. "ಮಳೆ ಬರೋದು ಮಿಷನ್ನಿಗೆ ಹೆಂಗೆ ಗೊತ್ತಾಗುತ್ತೆ ಮಾರಾಯ" ಅಂದರು, ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಮಳೆಗಾಲ: ನೆಡೋ ಕಾಲ

ನನ್ನ ಫೋನಲ್ಲಿ ರಿಮೈಂಡರ್ ಇದೆ, ಅಮ್ಮನ ತಲೆಯಲ್ಲಿ ಮಳೆ ನಕ್ಷತ್ರ ಇದೆ. ರೋಹಿಣಿ ಮಳೆ ಮೇ ಕೊನೆಗೆ ಶುರು, ಜೂನ್ 8ರ ಹೊತ್ತಿಗೆ ಮೃಗಶಿರ, 21-22ರ ಹೊತ್ತಿಗೆ ಆರಿದ್ರಾ. ಮಳೆ ಹಿಡಿದ ಮೇಲೆ ಗಾಳಿಯಲ್ಲಿ ತೇವ ಇರುತ್ತೆ, ಕಡ್ಡಿ ಒಣಗಲ್ಲ, ಬೇಗ ಬೇರು ಬಿಡುತ್ತೆ. ಹಾಗಾಗಿ ದಾಸವಾಳ, ಮಲ್ಲಿಗೆ, ಕನಕಾಂಬರ ಎಲ್ಲದರ ಕಡ್ಡಿ ನೆಡೋಕೆ ಜೂನ್-ಜುಲೈ ಒಳ್ಳೇದು. ಪೆನ್ಸಿಲ್ ದಪ್ಪದ, ಆರಿಂಚಿನ ಕಡ್ಡಿ. ಕೆಳಗಿನ ಎಲೆ ತೆಗೆದು ಎರಡು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ ನೆಡಿ. ಬೇರು ಬಂತಾ ಅಂತ ದಿನಾ ಎಳೆದು ನೋಡಬೇಡಿ!

ಡೇರೆ ಗಡ್ಡೆ ನೆಡೋದೂ ಆವಾಗಲೇ. ಗಡ್ಡೆ ಎಷ್ಟೇ ದಪ್ಪ ಇರಲಿ, ಕಾಂಡ ಸೇರೋ ಕುತ್ತಿಗೆಯಲ್ಲಿ ಕಣ್ಣು ಇಲ್ಲದಿದ್ದರೆ ಮೊಳೆಯಲ್ಲ. ಗಡ್ಡೆ ನೆಡುವಾಗಲೇ ಪಕ್ಕಕ್ಕೊಂದು ಕೋಲು ಊರಿಬಿಡಿ. ಆಮೇಲೆ ಊರೋಕೆ ಹೋದರೆ ಗಡ್ಡೆಗೇ ಚುಚ್ಚುತ್ತೆ. ನಾಲ್ಕು ಜೊತೆ ಎಲೆ ಬಂದ ಮೇಲೆ ತುದಿ ಚಿವುಟಿದರೆ ಕವಲೊಡೆಯುತ್ತೆ. ನಮ್ಮ ಪುಣೆಯ ಡೇರೆ ಊರಿನ ಡೇರೆಯಷ್ಟು ದೊಡ್ಡದಾಗಲಿಲ್ಲ. ಆದರೆ ಗೌರಿ ಹಬ್ಬದ ಹೊತ್ತಿಗೆ ಎರಡು ಅರಳಿತು.

ಚೆಂಡು ಹೂವು ಬೀಜದಿಂದ ಹೂವಿಗೆ ಸುಮಾರು ಎರಡರಿಂದ ಎರಡೂವರೆ ತಿಂಗಳು ತಗೊಳ್ಳುತ್ತೆ. ಆಯುಧಪೂಜೆಗೆ ಮನೆಯ ಹೂವೇ ಬೇಕು ಅನ್ನೋರು ಹಬ್ಬದ ತಾರೀಖಿನಿಂದ ಹಿಂದಕ್ಕೆ ಎಣಿಸಿ ಬೀಜ ಹಾಕಿ. ದಸರೆ ಹಿಂದಿನ ದಿನ ಇಲ್ಲಿನ ಮಾರುಕಟ್ಟೆಯಲ್ಲಿ ಚೆಂಡು ಹೂವಿನ ಬೆಲೆ ಕೇಳಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಸೇವಂತಿಗೆ ಯಾಕೆ ಮೊಗ್ಗು ಬಿಡಲಿಲ್ಲ?

ಈಗ ಅಸಲು ಕಥೆ. ಸೇವಂತಿಗೆ ಕಂದು ನೆಟ್ಟಿದ್ದು ಜೂನಲ್ಲಿ. ಆಗಸ್ಟ್ ಮಧ್ಯದವರೆಗೆ ಅಮ್ಮ ತುದಿ ಚಿವುಟುತ್ತಾ ಬಂದರು, ಗಿಡ ಪೊದೆಯಾಯ್ತು. ಸೆಪ್ಟೆಂಬರ್ ಕಳೆಯಿತು, ದಸರೆ ಆಯ್ತು, ದೀಪಾವಳಿ ಆಯ್ತು. ಗಿಡ ಹಚ್ಚಗೆ, ಆರೋಗ್ಯವಾಗಿ, ಮೊಗ್ಗಿಲ್ಲದೆ ನಿಂತಿತ್ತು. ಅಮ್ಮ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ತುದಿ ತುದಿ ನೋಡಿ ಬರೋರು. ಒಂದು ದಿನ "ಇದಕ್ಕೆ ಈ ಊರು ಹಿಡಿಸಲಿಲ್ಲ" ಅಂದರು. ಗಿಡದ ಬಗ್ಗೆ ಹೇಳಿದ್ದೋ ಬೇರೇನಾದರೂ ಹೇಳಿದ್ದೋ, ಕೇಳೋಕೆ ನನಗೆ ಧೈರ್ಯ ಬರಲಿಲ್ಲ.

ನಾನು ಗೊಬ್ಬರ ಬದಲಿಸಿದೆ. ಕಡಲೆ ಹಿಂಡಿ ನೆನೆಸಿ ಹಾಕಿದೆ. ಏನೂ ಆಗಲಿಲ್ಲ. ಕೊನೆಗೆ ಕೂತು ಓದಿದೆ. ಓದಿದಾಗ ಸಿಕ್ಕಿದ್ದು 1920ರ ಒಂದು ಕೆಲಸ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಗಾರ್ನರ್ ಮತ್ತು ಅಲಾರ್ಡ್ ಅನ್ನೋ ಇಬ್ಬರು ವಿಜ್ಞಾನಿಗಳಿಗೆ ಒಂದು ತಂಬಾಕಿನ ತಳಿ ತಲೆನೋವಾಗಿತ್ತು. ಬೇಸಿಗೆಯಲ್ಲಿ ಆಳೆತ್ತರ ಬೆಳೆಯೋದು, ಹೂವು ಮಾತ್ರ ಬಿಡ್ತಿರಲಿಲ್ಲ. ಅದನ್ನ ಮಧ್ಯಾಹ್ನದ ಮೇಲೆ ಕತ್ತಲೆ ಕೋಣೆಗೆ ಸೇರಿಸಿ ಹಗಲನ್ನ ಮೊಟಕು ಮಾಡಿದಾಗ ಹೂವು ಬಿಟ್ಟಿತು. ಗಿಡಗಳು ಹಗಲು-ರಾತ್ರಿಯ ಉದ್ದ ಅಳೀತಾವೆ ಅಂತ ಅವರು ತೋರಿಸಿಕೊಟ್ಟರು.

ಸೇವಂತಿಗೆಯೂ ಅದೇ ಜಾತಿಯ ಸ್ವಭಾವದ್ದು, ಹಗಲು ಚಿಕ್ಕದಾದಾಗ ಹೂವು ಬಿಡೋ ಗಿಡ. ಹಗಲು ಅಂತೀವಿ ನಿಜ, ಆದರೆ ಆಮೇಲಿನ ಪ್ರಯೋಗಗಳಲ್ಲಿ ಗೊತ್ತಾಗಿದ್ದು ಏನಂದರೆ, ಗಿಡ ಎಣಿಸೋದು ರಾತ್ರಿಯನ್ನ. ಎಲೆಯಲ್ಲಿ ಫೈಟೋಕ್ರೋಮ್ ಅನ್ನೋ ವರ್ಣದ್ರವ್ಯ ಇದೆ. ಬೆಳಕು ಬಿದ್ದಾಗ ಅದು ಒಂದು ರೂಪಕ್ಕೆ ತಿರುಗುತ್ತೆ, ಕತ್ತಲಲ್ಲಿ ನಿಧಾನವಾಗಿ ವಾಪಸ್ ಬರುತ್ತೆ. ಕತ್ತಲು ಸಾಕಷ್ಟು ಹೊತ್ತು ತಡೆಯಿಲ್ಲದೆ ಮುಂದುವರಿದರೆ ಮಾತ್ರ ಎಲೆಯಿಂದ ತುದಿಗೆ "ಇನ್ನು ಮೊಗ್ಗು ಮಾಡು" ಅನ್ನೋ ಸೂಚನೆ ಹೋಗುತ್ತೆ. ರಾತ್ರಿ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಎಣಿಕೆ ಮೊದಲಿಂದ ಶುರು.

ಓದ್ತಾ ಓದ್ತಾ ತಲೆ ಎತ್ತಿ ನೋಡಿದೆ. ರಾತ್ರಿ ಹನ್ನೊಂದೂವರೆ. ನಾನು ಕೂತಿದ್ದೇ ಬಾಲ್ಕನಿಯಲ್ಲಿ, ತಲೆ ಮೇಲೆ ಟ್ಯೂಬ್‌ಲೈಟು, ಪಕ್ಕದಲ್ಲಿ ಸೇವಂತಿಗೆ! ಆ ವರ್ಷ ನಮ್ಮದು ಅಮೆರಿಕದ ಕ್ಲೈಂಟು. ಮನೆಯವರಿಗೆ ನಿದ್ದೆಗೆ ತೊಂದರೆ ಆಗಬಾರದು ಅಂತ ಕಾಲ್‌ಗಳನ್ನೆಲ್ಲ ಬಾಲ್ಕನಿಯಲ್ಲೇ ಮುಗಿಸ್ತಿದ್ದೆ. ಸಂಜೆ ಏಳಕ್ಕೆ ಹಾಕಿದ ಲೈಟು ಆರೋದು ರಾತ್ರಿ ಒಂದೂವರೆಗೆ. ಬೆಳಿಗ್ಗೆ ಆರೂವರೆಗೆ ಬೆಳಕು. ಗಿಡಕ್ಕೆ ಸಿಗ್ತಿದ್ದ ಕತ್ತಲು ಐದೇ ಗಂಟೆ. ಪುಣೆಯಲ್ಲಿ ಬೇಸಿಗೆಯ ಅತಿ ಚಿಕ್ಕ ರಾತ್ರಿಯೂ ಹತ್ತೂವರೆ ಗಂಟೆಗಿಂತ ಉದ್ದ ಇರುತ್ತೆ. ಎಷ್ಟು ಅನ್ಯಾಯ ಮಾಡಿದ್ದೆ ನೋಡಿ.

ಆಮೇಲೆ ನೆನಪಾಯ್ತು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದವರು ಸೇವಂತಿಗೆ ಹೊಲದ ತುಂಬ ಬಲ್ಬ್ ಉರಿಯೋದನ್ನ ನೋಡಿರ್ತೀರಿ. ಚೆಂದಕ್ಕೆ ಹಾಕಿದ್ದಲ್ಲ ಅದು. ಗಿಡ ಸಾಕಷ್ಟು ಬೆಳೆಯೋ ಮೊದಲೇ ಮೊಗ್ಗು ಬರದ ಹಾಗೆ ತಡೆಯೋದು, ಹೂವನ್ನ ಬೇಕಾದ ಹೊತ್ತಿಗೆ ತರೋದು ಅದರ ಉದ್ದೇಶ. ರೈತರು ಗೊತ್ತಿದ್ದು ಮಾಡೋದನ್ನ ನಾನು ಗೊತ್ತಿಲ್ಲದೆ ಮಾಡಿದ್ದೆ.

ಮಾರನೇ ದಿನವೇ ಎರಡು ಕುಂಡ ಎತ್ತಿ ಡ್ರೈ ಬಾಲ್ಕನಿಗೆ ಇಟ್ಟೆ, ವಾಷಿಂಗ್ ಮಷಿನ್ ಪಕ್ಕ. ಅಲ್ಲಿ ಹತ್ತು ಗಂಟೆವರೆಗೆ ಬಿಸಿಲಿದೆ, ರಾತ್ರಿ ಲೈಟ್ ಹಾಕಲ್ಲ. "ಹೂವಿನ ಗಿಡ ಬಟ್ಟೆ ಒಗೆಯೋ ಜಾಗದಲ್ಲಾ?" ಅಂತ ಅಮ್ಮ ಮುಖ ಸಿಂಡರಿಸಿದರು. ಜಾಗ ಸಾಲದೆ ಮೂರನೇದು ಇದ್ದಲ್ಲೇ ಉಳಿಯಿತು. ಮೂರೂವರೆ ವಾರಕ್ಕೆ ಡ್ರೈ ಬಾಲ್ಕನಿಯ ಗಿಡಗಳ ತುದಿಯಲ್ಲಿ ಹಸಿರು ಗುಂಡಿಯಂಥ ಮೊಗ್ಗು. ಮೊದಲು ನೋಡಿದ್ದು ಅಮ್ಮನೇ. ಸಂಕ್ರಾಂತಿ ಹೊತ್ತಿಗೆ ಹೂವು. ಲೈಟಿನ ಕೆಳಗಿದ್ದದ್ದು ಹಾಗೇ ಹಸಿರಾಗಿತ್ತು. ಎರಡು ಬಾಲ್ಕನಿಯ ಬಿಸಿಲು ಬೇರೆ ಬೇರೆ, ಹಾಗಾಗಿ ಇದು ಪಕ್ಕಾ ಸಾಬೀತಲ್ಲ ಅಂತ ನನ್ನೊಳಗಿನ ಇಂಜಿನಿಯರ್ ಗೊಣಗಿದ. ಮುಂದಿನ ವರ್ಷ ಮೂರನ್ನೂ ಹಳೇ ಜಾಗದಲ್ಲೇ ಇಟ್ಟು, ಸೆಪ್ಟೆಂಬರ್‌ನಿಂದ ಲೈಟ್ ಮಾತ್ರ ಬಂದ್ ಮಾಡಿದೆ. ನವೆಂಬರ್‌ನಲ್ಲಿ ಮೂರೂ ಹಳದಿ.

ನಿಮ್ಮ ಮನೆಯ ಸೇವಂತಿಗೆ ಮೊಗ್ಗು ಬಿಡ್ತಿಲ್ಲ ಅಂದರೆ ಗೊಬ್ಬರಕ್ಕೆ ಕೈ ಹಾಕೋ ಮೊದಲು ರಾತ್ರಿ ಹತ್ತಕ್ಕೆ ಹೋಗಿ ನಿಂತು ನೋಡಿ. ನಿಮ್ಮ ಲೈಟು ಆರಿದ್ದರೂ ಎದುರಿನ ಸೊಸೈಟಿಯ ಫೋಕಸ್ ಲೈಟ್ ಬೀಳ್ತಿರಬಹುದು. ಕುಂಡ ಒಂದಡಿ ಸರಿಸಿದರೂ ಸಾಕಾಗಬಹುದು.

ಚಳಿಗಾಲ: ಕತ್ತರಿಸೋ ಕಾಲ

ಹೂವು ಮುಗಿದ ಸೇವಂತಿಗೆಯನ್ನ ಬುಡದಿಂದ ನಾಲ್ಕಿಂಚು ಬಿಟ್ಟು ಕತ್ತರಿಸಿ. ಸತ್ತಿಲ್ಲ ಅದು. ಬುಡದ ಸುತ್ತ ಕಂದು ಹೊರಡುತ್ತೆ, ಅದೇ ಮುಂದಿನ ವರ್ಷದ ಗಿಡ.

ಮಲ್ಲಿಗೆಗೆ ಕತ್ತರಿ ಹಾಕೋದೂ ಈಗಲೇ. ಮಲ್ಲಿಗೆ ಹೂವು ಬಿಡೋದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಬಳ್ಳಿ ಮೇಲೆ ಕರುಣೆ ತೋರಿಸಿದರೆ ಹೂವಿಲ್ಲ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ನೀರು ಕಡಿಮೆ ಮಾಡಿ, ಅರ್ಧಕ್ಕೆ ಕತ್ತರಿಸಿ, ಎಲೆಗಳನ್ನ ತೆಗೆಯಿರಿ. ಜನವರಿ ಕೊನೆಗೆ ಮೇಲ್ಮಣ್ಣು ಕೆದಕಿ ಗೊಬ್ಬರ ಕೊಟ್ಟು ನೀರು ಹೆಚ್ಚಿಸಿದರೆ ಮಾರ್ಚ್‌ನಲ್ಲಿ ಮೊಗ್ಗು. ಉಡುಪಿ ಕಡೆಯವರಿಗೆ ಮಲ್ಲಿಗೆಯ ಲೆಕ್ಕ ಬಾಯಿಪಾಠ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಉಳಿದಿರೋ ನಮ್ಮ ಒಂದೇ ಗಿಡದಲ್ಲಿ ದಿನಕ್ಕೆ ಹದಿನೈದು ಹೂವು ಸಿಕ್ಕಿದರೆ ಹಬ್ಬ.

ಡೇರೆ ಗಿಡ ಒಣಗಿದ ಮೇಲೆ ಗಡ್ಡೆ ಅಗೆದು, ನೆರಳಲ್ಲಿ ಆರಿಸಿ, ಒಣ ಮರಳಲ್ಲಿ ಮುಚ್ಚಿಡಿ. ಜನವರಿಯಲ್ಲಿ ಪುಣೆಯಲ್ಲಿರೋರು ಎಂಪ್ರೆಸ್ ಗಾರ್ಡನ್‌ನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿಬನ್ನಿ. ನಮ್ಮ ಲಾಲ್‌ಬಾಗ್ ನೆನಪಾಗುತ್ತೆ.

ಬೇಸಿಗೆ: ಉಳಿಸಿಕೊಳ್ಳೋ ಕಾಲ

ಏಪ್ರಿಲ್-ಮೇನಲ್ಲಿ ಪುಣೆ 40 ಡಿಗ್ರಿ ಮುಟ್ಟುತ್ತೆ. ಹೊಸ ಗಿಡ ತರೋದು, ಕುಂಡ ಬದಲಿಸೋದು ಎಲ್ಲ ನಿಲ್ಲಿಸಿ. ನೀರು ಬೆಳಿಗ್ಗೆ ಎಂಟರೊಳಗೆ. ಮಣ್ಣಿನ ಮೇಲೆ ಒಣ ಎಲೆ ಅಥವಾ ತೆಂಗಿನ ನಾರು ಹೊದಿಸಿ. ಪಶ್ಚಿಮದ ಬಾಲ್ಕನಿಗೆ ಹಸಿರು ನೆಟ್ ಕಟ್ಟಿ. ಕುಂಡಗಳನ್ನ ಒತ್ತೊತ್ತಾಗಿಟ್ಟರೆ ಒಂದಕ್ಕೊಂದು ನೆರಳಾಗುತ್ತೆ. ದಾಸವಾಳದ ಮೊಗ್ಗು ಅರಳದೆ ಉದುರಿದರೆ ಹೆಚ್ಚಾಗಿ ಕಾರಣ ಬಿಸಿಲ ಝಳ, ಇಲ್ಲವೇ ಒಂದು ದಿನ ಒಣಗಿಸಿ ಇನ್ನೊಂದು ದಿನ ಮುಳುಗಿಸೋದು.

ದಾಸವಾಳದ ಎಲೆ ಬುಡದಲ್ಲಿ ಹತ್ತಿಯಂತೆ ಬಿಳಿ ಕಂಡರೆ ಅದು ಹಿಟ್ಟು ತಿಗಣೆ. ಮೊದಲು ಹಳೇ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯೋ ಸೋಪು ಬೆರೆಸಿ ಬಿಸಿಲು ಇಳಿದ ಮೇಲೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ವಾರ. ಒಂದೇ ಸಲಕ್ಕೆ ಹೋಗಲ್ಲ.

ಬೇರೆ ಊರಿನವರಿಗೆ

ಚೆನ್ನೈನವರಿಗೆ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಕುಂಡದ ತಟ್ಟೆ ತೆಗೆದಿಡೋ ಎಚ್ಚರ ನಿಮಗೆ ಆವಾಗ ಬೇಕು. ದೆಹಲಿಯವರಿಗೆ ನವೆಂಬರ್‌ನಿಂದ ಮಾರ್ಚ್ ಹೂವಿನ ಹಬ್ಬ. ಮಲ್ಲಿಗೆ ಮಾತ್ರ ಆ ಚಳಿಗೆ ಮಲಗಿಬಿಡುತ್ತೆ, ಸತ್ತಿತು ಅಂತ ಎಸೆಯಬೇಡಿ. ಹೈದರಾಬಾದ್‌ನವರು ಬಹುಪಾಲು ಪುಣೆಯ ಲೆಕ್ಕವನ್ನೇ ಹಿಡಿಯಬಹುದು, ಬೇಸಿಗೆ ಇನ್ನೂ ಒಂದು ಕೈ ಮೇಲು ಅಷ್ಟೇ.

ನರ್ಸರಿಯಲ್ಲಿ ಕೇಳೋಕೆ ಹೆಸರು ಗೊತ್ತಿರಲಿ. ಮರಾಠಿಯಲ್ಲಿ ಸೇವಂತಿಗೆ ಶೇವಂತಿ, ದಾಸವಾಳ ಜಾಸ್ವಂದ, ದುಂಡು ಮಲ್ಲಿಗೆ ಮೋಗರಾ, ಕನಕಾಂಬರ ಅಬೋಲಿ, ಚೆಂಡು ಹೂವು ಝೆಂಡು. ತೆಲುಗಿನಲ್ಲಿ ಸೇವಂತಿಗೆ ಚಾಮಂತಿ, ದಾಸವಾಳ ಮಂದಾರ. ತಮಿಳಿನಲ್ಲಿ ದಾಸವಾಳಕ್ಕೆ ಸೆಂಬರುತ್ತಿ. ಹಿಂದಿಯಲ್ಲಿ ಸೇವಂತಿಗೆ ಗುಲ್‌ದಾವೂದಿ, ದಾಸವಾಳ ಗುಡಹಲ್.

ಈ ಹೆಸರುಗಳಿಂದಲೇ ಅಮ್ಮನಿಗೆ ಪುಣೆಯಲ್ಲಿ ಮೊದಲ ಪರಿಚಯ ಆಗಿದ್ದು. ಪಕ್ಕದ ಫ್ಲ್ಯಾಟಿನ ಕಾಕು ನಮ್ಮ ಹೂವು ನೋಡಿ "ಶೇವಂತಿ!" ಅಂದರು. ಅಮ್ಮ "ಹೌದು, ಸೇವಂತಿಗೆ" ಅಂದರು. ಇಬ್ಬರಿಗೂ ಅದರ ಮುಂದೆ ಒಂದು ಮಾತೂ ಗೊತ್ತಿರಲಿಲ್ಲ, ಆದರೂ ಅರ್ಧ ಗಂಟೆ ಮಾತಾಡಿದರು.

ಆ ಫೆಬ್ರವರಿಯಲ್ಲಿ ಕಂದು ಬಂದಾಗ ನಾನು ಹೇಳಿದೆ, "ಅಮ್ಮಾ, ಇನ್ನು ಇದನ್ನ ಹುಷಾರಾಗಿ ಇಟ್ಕೋಬೇಕು, ಇರೋದೇ ಮೂರು." ಅಮ್ಮ ಆಗಲೇ ಹಳೇ ಹಾಲಿನ ಪ್ಯಾಕೆಟ್‌ಗಳಿಗೆ ಮಣ್ಣು ತುಂಬ್ತಿದ್ದರು. "ಇಟ್ಕೊಂಡ್ರೆ ಉಳಿಯಲ್ಲ ಮಾರಾಯ. ಕೊಟ್ರೆ ಉಳಿಯುತ್ತೆ. ನಮ್ಮಲ್ಲಿ ಸತ್ತರೆ ಕೊಟ್ಟವರ ಮನೇಲಿ ಇರುತ್ತಲ್ಲ" ಅಂದರು. ಸರ್ವರ್ ಬ್ಯಾಕಪ್ ಬಗ್ಗೆ ಜನರಿಗೆ ಪಾಠ ಮಾಡೋ ನನಗೆ ಇದು ಹೊಳೆದಿರಲಿಲ್ಲ. ಈಗ ಆ ಹಳದಿ ಸೇವಂತಿಗೆ ನಮ್ಮ ಕಟ್ಟಡದಲ್ಲೇ ನಾಲ್ಕು ಮನೆಯಲ್ಲಿದೆ, ಒಂದು ಹೈದರಾಬಾದ್‌ಗೂ ಹೋಗಿದೆ.

ಮುಂದಿನ ಸಲ ಊರಿಗೆ ಹೋದಾಗ ಉಪ್ಪಿನಕಾಯಿ, ಚಕ್ಕುಲಿ ಜೊತೆ ಅಂಗಳದ ಒಂದು ಗಿಡದ ಕಡ್ಡಿಯನ್ನೂ ತನ್ನಿ. ಅಂಗಳ ಇರೋವಾಗಲೇ ತನ್ನಿ. ಬದುಕಿದ ಮೇಲೆ ಅದರಲ್ಲೊಂದನ್ನ ಪಕ್ಕದವರಿಗೆ ಕೊಡಿ. ಮತ್ತೆ, ಸೆಪ್ಟೆಂಬರ್ ಬಂದ ಮೇಲೆ ಬಾಲ್ಕನಿ ಲೈಟ್ ಆರಿಸಿ.